ಇಪ್ಪತ್ತೊಂದಕ್ಕ ಹಚ್ಚರಿ

ಯಾವ ಕಚೇರಿಗೆ ಹೋದರೂ ನನ್ನ ಕಣ್ಣು ಟೇಬಲ್ಲಿನ ಗಾಜಿನ ಕೆಳಗೆ ಇಣುಕುತ್ತದೆ. ಅಲ್ಲಿ ಒಂದು ದೇವರ ಪಟ, ಯಾರದೋ ಲಗ್ನಪತ್ರಿಕೆ, ರಜೆಗಳ ಪಟ್ಟಿ, ಇವುಗಳ ನಡುವೆ ಒಂದು ಚೀಟಿ ಇದ್ದೇ ಇರುತ್ತದೆ. ಎಡಕ್ಕೆ ಹೆಸರು, ಬಲಕ್ಕೆ ಎರಡಂಕಿಯ ನಂಬರು. ಮ್ಯಾನೇಜರ್, ಕ್ಯಾಶ್, ಸ್ಟೋರು, ಗೇಟು. ಆ ಚೀಟಿಯನ್ನು ನಿಧಾನವಾಗಿ ಓದುವುದೆಂದರೆ ನನಗೆ ಬಲು ಇಷ್ಟ. ಯಾವ ಖೋಲಿ ಎಲ್ಲಿದೆ, ಯಾರು ಯಾರೊಂದಿಗೆ ದಿನಕ್ಕೆ ಹತ್ತು ಸಲ ಮಾತಾಡಬೇಕಾಗುತ್ತದೆ, ಅವಸರಕ್ಕೆ ಮೊದಲು ಯಾರನ್ನು ಹಿಡಿಯಬೇಕು, ಎಲ್ಲವೂ ಅಂಗೈಯಗಲದ ಆ ಹಾಳೆಯಲ್ಲಿ ಬಂದು ಕೂತಿರುತ್ತದೆ. ಅಂಥ ಒಂದು ಚೀಟಿಯನ್ನು ಮೊದಲಿಂದ ಬರೆಯುವ ಯೋಗ ಹುನ್ನೂರಿನಲ್ಲಿ ನನಗೆ ಕೂಡಿಬಂತು. ಅದರ ಸವಿಯನ್ನು ನಾಲ್ಕು ಜನರೊಂದಿಗೆ ಹಂಚಿಕೊಳ್ಳದೆ ಇರಲಾರೆ.

ಜಮಖಂಡಿಯ ಮಗ್ಗುಲಿಗಿರುವ ಹುನ್ನೂರಿನ ಸುತ್ತ ಕಬ್ಬಿನದೇ ರಾಜ್ಯ. ಹಂಗಾಮು ಸುರುವಾಯಿತೆಂದರೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಹಗಲೂ ರಾತ್ರಿ ಸಾಲುಗಟ್ಟಿ ಹೋಗುತ್ತವೆ. ರಸ್ತೆಯುದ್ದಕ್ಕೂ ಕಬ್ಬಿನ ರವದಿ ಬಿದ್ದಿರುತ್ತದೆ. ನಾನು ದುಡಿಯುವುದು ಇಲ್ಲಿಯ ಒಂದು ಸಣ್ಣ ಸಹಕಾರಿ ಕಚೇರಿಯಲ್ಲಿ. ಕೆಳಗೆ ಪಡಸಾಲೆ, ಕ್ಯಾಶ್ ಕೌಂಟರು, ಠೇವಣಿಯ ಟೇಬಲ್ಲು. ಮೆಟ್ಟಿಲು ಹತ್ತಿದರೆ ಸಾಲದ ವಿಭಾಗ, ಮ್ಯಾನೇಜರರ ಖೋಲಿ, ಅಧ್ಯಕ್ಷರ ಖೋಲಿ. ಹಿತ್ತಲಲ್ಲಿ ಗೊಬ್ಬರದ ಗೋದಾಮು. ಬೆಳಗಿನ ಹತ್ತು ಗಂಟೆಗೆ ಬಾಗಿಲು ತೆರೆದರೆ ಉತಾರ ಹಿಡಿದವರು, ಬಾಕಿ ಕಟ್ಟಲು ಬಂದವರು, ಯೂರಿಯಾ ಬಂತೋ ಇಲ್ಲವೋ ಎಂದು ವಿಚಾರಿಸುವವರು ಪಡಸಾಲೆ ತುಂಬುತ್ತಾರೆ.

ಇಷ್ಟಕ್ಕೆಲ್ಲ ಇದ್ದದ್ದು ಕೆಳಗಿನ ಟೇಬಲ್ಲಿನ ಒಂದೇ ಫೋನು. ಅದರ ನಂಬರು ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿದೆ. ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆದದ್ದನ್ನೂ ನೋಡಿದ್ದೇನೆ. ಕರೆ ಬಂದರೆ ಕ್ಯಾಶಿನ ಅಕ್ಕಾರು ರಿಸೀವರ್ ಎತ್ತಿ ಟೇಬಲ್ಲಿನ ಮೇಲೆ ಅಂಗಾತ ಇಟ್ಟು, ಸಿಪಾಯಿಯನ್ನು ಮೇಲಕ್ಕೆ ಓಡಿಸಬೇಕು. ಸಾಲದ ಗುಮಾಸ್ತರು ಕೈಯಲ್ಲಿದ್ದ ಕಡತ ಇಟ್ಟು ಇಳಿದು ಬರಬೇಕು. ಅವರು ಬರುವಷ್ಟರಲ್ಲಿ ಆ ಕಡೆಯವರು ಕಾದು ಬೇಸತ್ತು ಇಟ್ಟುಬಿಟ್ಟಿರುತ್ತಾರೆ. “ಆಫೀಸಿಗೆ ಫೋನ್ ಹಚ್ಚಿದ್ರ ಹತ್ತವಲ್ದು, ಹತ್ತಿದ್ರ ಮಾತಾಡಾವ್ರು ಸಿಗವಲ್ರು” ಎಂಬ ಮಾತು ಸಂತೆಯಲ್ಲೂ ಕಿವಿಗೆ ಬೀಳುತ್ತಿತ್ತು.

ಎಲ್ಲರ ಕಿಸೆಯಲ್ಲಿ ಮೊಬೈಲ್ ಇರುವ ಈ ಕಾಲದಲ್ಲಿ ತಂತಿಯ ಫೋನಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳಿದವರೂ ಇದ್ದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಮೊಬೈಲ್ ನಂಬರು ಮನುಷ್ಯನ ಬೆನ್ನು ಹತ್ತಿ ಹೋಗುತ್ತದೆ. ಗುಮಾಸ್ತ ಬೀಳಗಿಗೆ ಹೋದರೆ ನಂಬರೂ ಬೀಳಗಿಗೆ ಹೋಗುತ್ತದೆ. ಅವನು ತಂಗಿಯ ಲಗ್ನದಲ್ಲಿ ಪಂಕ್ತಿಗೆ ಕೂತಾಗ ಇಲ್ಲಿಯವರು ಸಾಲದ ಕಂತು ಕೇಳಲು ಅವನನ್ನೇ ಹಿಡಿಯುತ್ತಾರೆ. ಅವನಿಗೂ ನೆಮ್ಮದಿಯಿಲ್ಲ, ಇವರಿಗೂ ಉತ್ತರವಿಲ್ಲ. ಕಚೇರಿಯ ಒಳನಂಬರು ಕೆಲಸಕ್ಕೆ ಅಂಟಿಕೊಂಡದ್ದು. ಸಾಲದ ಟೇಬಲ್ಲಿಗೆ 23 ಎಂದು ಕೊಟ್ಟರೆ ಅಲ್ಲಿ ಯಾರು ಕೂತರೂ 23ರಲ್ಲಿ ಸಾಲದ ಮಾತೇ ಸಿಗುತ್ತದೆ. ಮನುಷ್ಯರು ಬದಲಾದರೂ ಊರಿನವರು ಹೊಸ ನಂಬರು ಬರೆದುಕೊಳ್ಳಬೇಕಿಲ್ಲ. ಇದು ಸಣ್ಣ ಉಪಕಾರವಲ್ಲ.

ನಾವು ತಂದದ್ದು ಪೇಟೆಯಲ್ಲಿ 308 ಎಂದು ಕರೆಯುವ ಬಗೆಯ ಇಪಿಎಬಿಎಕ್ಸ್. ಮೂರು ಹೊರಲೈನು, ಎಂಟು ಒಳಲೈನು. ಗೋಡೆಗೆ ತೂಗುಹಾಕುವ ಬಿಳಿ ಪೆಟ್ಟಿಗೆ. ಒಳಗೆ ಒಂದು ಹಸಿರು ಬೋರ್ಡು, ಕೆಳಅಂಚಿಗೆ ಸಾಲಾಗಿ ಪುಟ್ಟ ಗೂಡುಗಳು. ನೋಡಲು ಏನೂ ಇಲ್ಲ. ಆದರೆ ದೊಡ್ಡ ಟೆಲಿಫೋನ್ ಎಕ್ಸ್‌ಚೇಂಜು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ರಿಸೀವರ್ ಎತ್ತಿದ್ದನ್ನು ಗುರುತಿಸಿ ಡಯಲ್ ಟೋನ್ ಕೊಡುತ್ತದೆ, ಒತ್ತಿದ ಅಂಕಿ ಕೇಳಿಸಿಕೊಳ್ಳುತ್ತದೆ, ಬೇಕಾದವರ ಗಂಟೆ ಬಾರಿಸುತ್ತದೆ, ಅವರು ಎತ್ತಿದೊಡನೆ ಎರಡು ಜೋಡಿ ತಂತಿಗಳನ್ನು ಕೂಡಿಸುತ್ತದೆ, ಮಾತು ಮುಗಿದ ಮೇಲೆ ಬಿಡಿಸುತ್ತದೆ. ಒಳಗಿಂದೊಳಗೆ ಎಷ್ಟು ಮಾತಾಡಿದರೂ ಬಿಲ್ಲಿಲ್ಲ.

ಅಂಕಿಯನ್ನು ಅದು ಕೇಳಿಸಿಕೊಳ್ಳುವ ಬಗೆ ಚೆಂದದ್ದು. ಒಂದೊಂದು ಗುಂಡಿಗೆ ಎರಡೆರಡು ಸ್ವರಗಳು, ಅಡ್ಡಸಾಲಿನದೊಂದು, ಉದ್ದಸಾಲಿನದೊಂದು. 2 ಒತ್ತಿದರೆ ಸೆಕೆಂಡಿಗೆ 697 ಸಲ ಮಿಡಿಯುವ ಸ್ವರವೂ 1336 ಸಲ ಮಿಡಿಯುವ ಸ್ವರವೂ ಒಟ್ಟಿಗೆ ಹೊರಡುತ್ತವೆ. 1 ಒತ್ತಿದರೆ 697 ಹಾಗೇ ಉಳಿದು, ಇನ್ನೊಂದು 1209ಕ್ಕೆ ಇಳಿಯುತ್ತದೆ. ಮನುಷ್ಯರ ಮಾತಿನಲ್ಲಿ ಇಂಥ ಜೋಡಿಗಳು ಆಕಸ್ಮಿಕವಾಗಿ ಕೂಡಿ ಬರಬಾರದೆಂದು ಆರಿಸಿಟ್ಟ ಸ್ವರಗಳಿವು. ಅಮೆರಿಕದ ಬೆಲ್ ಕಂಪನಿ 1963ರಲ್ಲಿ ಈ ಪದ್ಧತಿಯನ್ನು ಜನರ ಕೈಗಿಟ್ಟಿತು. ಅದಕ್ಕೂ ಮುಂಚಿನ ತಿರುಗಣೆ ಫೋನಿನಲ್ಲಿ ಬೆರಳು ಹಾಕಿ ತಿರುಗಿಸಿ ಬಿಟ್ಟರೆ, ಐದಕ್ಕೆ ಐದು ಸಲ, ಒಂಬತ್ತಕ್ಕೆ ಒಂಬತ್ತು ಸಲ ಲೈನು ಕಡಿದು ಕೂಡುತ್ತಿತ್ತು. ಸೊನ್ನೆಗೆ ಹತ್ತು ಸಲ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಹುಟ್ಟಿದ ಐಟಿಐ ಕಾರ್ಖಾನೆಯ ಕರಿ ಫೋನುಗಳು ನಮ್ಮ ತಾಲೂಕುಗಳ ಎಷ್ಟೋ ಅಡತಿ ಅಂಗಡಿಗಳಲ್ಲಿ ಕಾಲ ಕಳೆದವು. ಅವುಗಳ ತೂಕದ ರಿಸೀವರನ್ನು ಕಿವಿಗೆ ಹಿಡಿದು ಬೆಲ್ಲದ ಧಾರಣೆ ಕೂಗಿದವರು ಮಹಾಲಿಂಗಪುರದಲ್ಲಿ ಈಗಲೂ ಸಿಗುತ್ತಾರೆ.

ತಂತಿ ಎಳೆಯಲು ಬನಹಟ್ಟಿಯಿಂದ ಒಬ್ಬ ಹುಡುಗ ಬಂದ. ನೇಕಾರರ ಮನೆಯವನು. ಅಪ್ಪ ಪವರ್‌ಲೂಮಿನ ಮೇಲೆ, ಮಗ ವೈರಿಂಗಿನ ಮೇಲೆ. ಟೆಲಿಫೋನ್ ಕೇಬಲ್ಲಿನ ಮೇಲ್‌ಸಿಪ್ಪೆ ಸುಲಿದಾಗ ಒಳಗಿಂದ ಬಣ್ಣಬಣ್ಣದ ಎಳೆಗಳು ಹೊರಬಂದವು. ಬಿಳಿ ಜೊತೆಗೆ ನೀಲಿ, ಬಿಳಿ ಜೊತೆಗೆ ಕಿತ್ತಳೆ, ಬಿಳಿ ಜೊತೆಗೆ ಹಸಿರು, ಬಿಳಿ ಜೊತೆಗೆ ಕಂದು, ಬಿಳಿ ಜೊತೆಗೆ ಬೂದಿ. ಅಲ್ಲಿಗೆ ಐದು ಜೋಡಿ. ಆರನೆಯದರಿಂದ ಬಿಳಿಯ ಜಾಗಕ್ಕೆ ಕೆಂಪು ಬರುತ್ತದೆ, ಮತ್ತೆ ಅದೇ ನೀಲಿ, ಕಿತ್ತಳೆ, ಹಸಿರು. ಕೆಂಪಿನ ನಂತರ ಕಪ್ಪು, ಹಳದಿ, ನೇರಳೆ. ಹೀಗೆ ಐದೈದಲೆ ಇಪ್ಪತ್ತೈದು ಜೋಡಿಗಳನ್ನು ಹತ್ತು ಬಣ್ಣಗಳಲ್ಲೇ ಗುರುತಿಸಬಹುದು. ಪ್ರಪಂಚದ ಬಹಳ ಕಡೆ ಈ ಲೆಕ್ಕ ಹೀಗೇ ನಡೆಯುತ್ತದೆ. ಹುಡುಗ ಅದನ್ನು ನನಗೆ ಹೇಳಿಕೊಟ್ಟದ್ದು ತನ್ನ ಮನೆಯ ಭಾಷೆಯಲ್ಲಿ: “ಸೀರಿ ಹಾಸಿನ್ಯಾಗ ಒಂದ ಎಳಿ ತಪ್ಪಿದ್ರ ಪಟ್ಟಿ ಪೂರಾ ತಪ್ಪತೈತ್ರಿ ಸರ, ಇದೂ ಹಂಗ. ಬಣ್ಣ ಬಿಟ್ಟು ಕಟ್ಟಬಾರ್ದು.”

ಎರಡೆಳೆಗಳನ್ನು ಒಂದಕ್ಕೊಂದು ಹೊಸೆದಿರುವುದಕ್ಕೂ ಕಾರಣವಿದೆ. ಸಮಸಮ ಹಾಸಿದ ತಂತಿಗೆ ಪಕ್ಕದ ಲೈನಿನ ಮಾತೂ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯೂ ಸೋರಿಕೊಂಡು ಬರುತ್ತವೆ. ಹೊಸೆದಾಗ ಹೊರಗಿನ ಗದ್ದಲ ಎರಡೂ ಎಳೆಗಳ ಮೇಲೆ ಒಂದೇ ಪ್ರಮಾಣದಲ್ಲಿ ಬಿದ್ದು, ಒಂದನ್ನೊಂದು ಅಳಿಸಿಹಾಕುತ್ತದೆ. ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದ. ಎಷ್ಟು ಹಳೆಯ ಉಪಾಯ! ಇಂದಿನ ಇಂಟರ್ನೆಟ್ ಕೇಬಲ್ಲಿನ ಹೊಟ್ಟೆಯಲ್ಲೂ ಅದೇ ಹುರಿ ಇದೆ.

ಹುಡುಗ ಎಳೆಗಳನ್ನು ಜೋಡಿಸುವ ಕ್ರೋನ್ ಬ್ಲಾಕನ್ನು ಗೋಡೆಗೆ ಬಿಗಿದು, ಒಂದೊಂದೇ ಎಳೆಯನ್ನು ಸೀಳಿನ ಮೇಲಿಟ್ಟು ಟೂಲು ಒತ್ತಿದ. ಪ್ರತಿ ಒತ್ತಿಗೂ ‘ಟಕ್’ ಎಂಬ ಗಟ್ಟಿ ಸದ್ದು. ಎಳೆ ಒಳಗೆ ಕೂತು, ಹೆಚ್ಚಾದ ತುದಿ ಕತ್ತರಿಸಿ ನೆಲಕ್ಕೆ ಬೀಳುತ್ತಿತ್ತು. ಸಿಪ್ಪೆ ಸುಲಿಯುವುದಿಲ್ಲ, ಸ್ಕ್ರೂ ತಿರುಗಿಸುವುದಿಲ್ಲ. ಸೀಳಿನ ಹರಿತ ಅಂಚೇ ಪ್ಲಾಸ್ಟಿಕ್ಕನ್ನು ಕೊಯ್ದು ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಂದ ಒಂದೊಂದು ಖೋಲಿಗೆ ಒಂದೊಂದು ಜೋಡಿ, ಕೊನೆಗೆ ಗೋಡೆಯ ರೋಸೆಟ್ ಡಬ್ಬಿ. ಹುಡುಗ ಟೆಸ್ಟ್ ಫೋನಿನ ಕ್ಲಿಪ್ಪು ಸಿಕ್ಕಿಸಿ ಒಂದೊಂದನ್ನೂ ಕಿವಿಗಿಟ್ಟು ನೋಡುತ್ತ ಬಂದ. ಡಯಲ್ ಟೋನ್ ಕೇಳಿಸಿದಾಗೆಲ್ಲ ಬ್ಲಾಕಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ನಂಬರು ಬರೆದ. ನಾನು ಕೈ ಮುಂದೆ ಮಾಡಿದರೆ ಮೃದುವಾಗಿ ತಡೆದ: “ರಿಂಗ್ ಬಂದಾಗ ಮುಟ್ಟಬ್ಯಾಡ್ರಿ ಸರ, ಜುಮ್ ಅಂತೈತಿ.” ಸುಮ್ಮನಿರುವಾಗ ಹೊರಗಿನ ಲೈನಿನಲ್ಲಿ 48 ವೋಲ್ಟಿನ ಆಸುಪಾಸು, ಗಂಟೆ ಬಾರಿಸುವಾಗ ಅದರ ಮೇಲೆ 75 ವೋಲ್ಟಿನಷ್ಟು ಹಿಂದೆಮುಂದೆ ತೂಗುವ ವಿದ್ಯುತ್ತು ಏರಿ ಬರುತ್ತದೆ. ಅವನ ಎಚ್ಚರಿಕೆಯ ಹಿಂದೆ ಇದ್ದದ್ದು ಈ ಲೆಕ್ಕ.

ತಂತಿಯ ಕೆಲಸ ಮುಗಿದ ಮೇಲೆ ನನ್ನ ಕೆಲಸ ಸುರುವಾಯಿತು. ನಂಬರು ಹಂಚುವುದು.

ಯಂತ್ರಕ್ಕೆ ಮೊದಲ ಅಂಕಿಯೇ ದಾರಿ. ಸೊನ್ನೆ ಒತ್ತಿದರೆ ಹೊರಲೈನು ಬೇಕೆಂದು ಅದು ತಿಳಿಯುತ್ತದೆ. ಒಂಬತ್ತು ಒತ್ತಿದರೆ ಮುಂಭಾಗದ ಟೇಬಲ್ಲು. ಆದ್ದರಿಂದ ಒಳನಂಬರು ಇವೆರಡರಿಂದ ಸುರುವಾಗುವ ಹಾಗಿಲ್ಲ. ಎರಡರಿಂದ ಸುರು ಮಾಡಿ 21, 22, 23 ಎಂದು ಹೋಗುವುದು ಹಳೆಯ ವಾಡಿಕೆ, ನಾವೂ ಅದನ್ನೇ ಹಿಡಿದೆವು. ನಂಬರು ಬರೆಯುವ ಮೊದಲು ನಾನು ಒಂದು ಹಾಳೆಯ ಮೇಲೆ ಬೇರೆಯೇ ಪಟ್ಟಿ ಮಾಡಿದೆ. ಹೊರಗಿನಿಂದ ಯಾರು ಯಾರು ಫೋನ್ ಹಚ್ಚುತ್ತಾರೆ? ಅವರಿಗೆ ಏನು ಬೇಕು? ಒಳಗೆ ಯಾರು ಯಾರನ್ನು ಕರೆಯುತ್ತಾರೆ? ಕಚೇರಿಯಲ್ಲಿ ಒಂದು ವಾರ ಕಿವಿ ತೆರೆದು ಕೂತರೆ ಉತ್ತರ ತಾನಾಗಿ ಸಿಗುತ್ತದೆ. ಬಹಳಷ್ಟು ಕರೆಗಳು ಗೊಬ್ಬರಕ್ಕೆ. ಆಮೇಲೆ ಸಾಲದ ಬಾಕಿಗೆ. ಕ್ಯಾಶಿನ ಅಕ್ಕಾರಿಗೂ ಸಾಲದ ಗುಮಾಸ್ತರಿಗೂ ನಡುವೆ ದಿನವಿಡೀ ಮಾತು: ಈ ಖಾತೆಯಲ್ಲಿ ಎಷ್ಟು ಬಡ್ಡಿ, ಈ ಚೀಟಿಗೆ ಸಹಿ ಆಯಿತೇ. ಅಧ್ಯಕ್ಷರ ಖೋಲಿಗೆ ಬರುವ ಕರೆಗಳು ಎಣಿಸಿದಷ್ಟು.

ಹೀಗೆ ಆಲೋಚಿಸಿ 21ನ್ನು ಮುಂಭಾಗದ ಟೇಬಲ್ಲಿಗೆ ಇಟ್ಟೆ. ಕ್ಯಾಶಿಗೆ 22, ಸಾಲಕ್ಕೆ 23, ಠೇವಣಿಗೆ 24, ಮ್ಯಾನೇಜರರಿಗೆ 25, ಅಧ್ಯಕ್ಷರಿಗೆ 26, ಗೋದಾಮಿಗೆ 27. ಒಬ್ಬ ಹಿರಿಯ ಸದಸ್ಯರಿಗೆ ಇದು ಸರಿಕಾಣಲಿಲ್ಲ. ಮೊದಲ ನಂಬರು ಮೊದಲ ಕುರ್ಚಿಗೆ ಸಲ್ಲಬೇಕೆಂದು ಅವರ ವಾದ. ಅದರಲ್ಲಿ ಗೌರವವಿತ್ತು, ಹಟವಿರಲಿಲ್ಲ. ಆದರೆ ಆ ಪೆಟ್ಟಿಗೆಯ ಮೊದಲ ಗೂಡಿಗೆ ಒಂದು ವಿಶೇಷವಿದೆ. ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ಒಳಗಿನ ಒಂದು ರಿಲೇ ತಾನಾಗಿ ಕಳಚಿ, ಮೊದಲ ಹೊರಲೈನನ್ನು ನೇರವಾಗಿ ಮೊದಲ ಒಳಲೈನಿಗೆ ಜೋಡಿಸಿಬಿಡುತ್ತದೆ. ತಾಮ್ರದ ಹಳೆಯ ಲೈನು ಎಕ್ಸ್‌ಚೇಂಜಿನ ಬ್ಯಾಟರಿಯ ಮೇಲೆ ಬದುಕಿರುವುದರಿಂದ, ಇಡೀ ಕಚೇರಿ ಕತ್ತಲಾದಾಗಲೂ ಆ ಒಂದು ಫೋನು ಮಾತಾಡುತ್ತದೆ. ನಮ್ಮ ಎರಡನೆಯ ಹೊರಲೈನು ಫೈಬರ್ ಪೆಟ್ಟಿಗೆಯಿಂದ ಬರುವುದು, ಮೂರನೆಯದು ಸಿಮ್ ಹಾಕುವ ಪೆಟ್ಟಿಗೆಯಿಂದ. ಅವೆರಡಕ್ಕೂ ನಮ್ಮ ಕರೆಂಟೇ ಬೇಕು. ಆದ್ದರಿಂದ ತಾಮ್ರದ ಲೈನನ್ನೇ ಮೊದಲ ಗೂಡಿಗೆ ಕೊಟ್ಟಿದ್ದೆವು. ಇದನ್ನು ಅಧ್ಯಕ್ಷರಿಗೆ ವಿವರಿಸಿದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

“ರಾತ್ರಿ ಕರೆಂಟ್ ಹೋದಾಗ ಇಲ್ಲಿ ಯಾರಿರ್ತಾರ್ರಿ?”

“ಕಾವಲಿನ ಕಾಕಾ, ಗೌಡ್ರ.”

“ಅವ್ರು ಎಲ್ಲಿ ಮಲಗ್ತಾರ?”

“ಮುಂದಿನ ಪಡಸಾಲ್ಯಾಗ.”

“ಹಂಗಾದ್ರ ಅದು ಅಲ್ಲೇ ಇರ್ಲಿ. ನನ್ ಖೋಲಿ ರಾತ್ರಿ ಕೀಲಿ ಹಾಕಿರತೈತಿ. ಕೀಲಿ ಹಾಕಿದ ಖೋಲ್ಯಾಗ ಜೀವಂತ ಫೋನ್ ಇಟ್ಟು ಏನ್ ಮಾಡೋದೈತಿ?”

ಅಲ್ಲಿಗೆ ಮಾತು ತೀರಿತು. ಒಂದು ಒಳನಂಬರಿನ ಹಿಂದೆ ಇಷ್ಟು ಯೋಚನೆ ಇರಬಹುದೆಂದು ಆ ಹಿರಿಯ ಸದಸ್ಯರೂ ತಲೆದೂಗಿದರು.

ಬಯಲುಸೀಮೆಯ ನಮ್ಮಂಥ ಊರುಗಳಿಗೆ ತಕ್ಕಂತೆ ಫೋನಿನ ಯಂತ್ರವನ್ನು ಕಟ್ಟಿದ ಒಂದು ದೊಡ್ಡ ಕಥೆ ಇಲ್ಲಿಂದ ಬಹಳ ದೂರದಲ್ಲೇನೂ ನಡೆದಿಲ್ಲ. 1984ರ ಆಗಸ್ಟಿನಲ್ಲಿ ಸಿ-ಡಾಟ್ ಎಂಬ ಸರಕಾರಿ ಸಂಶೋಧನ ಕೇಂದ್ರ ಹುಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಹುರುಪು. ಬೆಂಗಳೂರು ಮತ್ತು ದೆಹಲಿಯಲ್ಲಿ ಕೂತ ಎಳೆಯ ಎಂಜಿನಿಯರುಗಳು ನಮ್ಮದೇ ಡಿಜಿಟಲ್ ಎಕ್ಸ್‌ಚೇಂಜು ಕಟ್ಟಲು ಹೊರಟರು. ವಿದೇಶದಿಂದ ಬರುತ್ತಿದ್ದ ಯಂತ್ರಗಳಿಗೆ ತಣ್ಣನೆಯ ಎಸಿ ಕೋಣೆ ಬೇಕು, ಧೂಳು ಆಗದು, ಕರೆಂಟ್ ತಪ್ಪಬಾರದು. ಹಳ್ಳಿಯಲ್ಲಿ ಇವು ಮೂರೂ ಸಿಗುವುದಿಲ್ಲ. ಅದಕ್ಕೆ ಅವರು ಕಡಿಮೆ ಕರೆಂಟ್ ತಿನ್ನುವ ಚಿಪ್ಪುಗಳನ್ನು ಆರಿಸಿಕೊಂಡು, ಫ್ಯಾನೂ ಇಲ್ಲದೆ ತನ್ನಷ್ಟಕ್ಕೆ ಗಾಳಿಯಾಡಿ ತಣಿಯುವಂತೆ ಪೆಟ್ಟಿಗೆಯನ್ನು ರೂಪಿಸಿದರು. 128 ಪೋರ್ಟಿನ ಆ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊತ್ತಮೊದಲು ಕೆಲಸಕ್ಕೆ ನಿಂತದ್ದು ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರಿನಲ್ಲೇ! ಧಾರವಾಡ–ಬೆಳಗಾವಿ ದಾರಿಯಲ್ಲಿ ಬಸ್ಸು ಆ ಊರನ್ನು ಹಾಯುವಾಗ ಜನ ಕೋಟೆಯ ಕಡೆ ನೋಡುತ್ತಾರೆ. ನನಗೆ ಆ ಎಕ್ಸ್‌ಚೇಂಜಿನ ನೆನಪೂ ಬರುತ್ತದೆ.

ಅದೇ 128 ಪೋರ್ಟಿನ ಅಳತೆಯಲ್ಲಿ ಸಿ-ಡಾಟಿನವರು ಕಚೇರಿಗಳಿಗೂ ಪಿಎಬಿಎಕ್ಸ್ ಮಾಡಿದರು. ಇದನ್ನು ಯೋಚಿಸಿದರೆ ಮೈ ನವಿರೇಳುತ್ತದೆ. ಒಂದು ಹಳ್ಳಿಗೆ ಫೋನು ಕೊಡುವ ಯಂತ್ರ, ಒಂದು ಕಚೇರಿಗೆ ಫೋನು ಕೊಡುವ ಯಂತ್ರ, ಎರಡರ ಬುದ್ಧಿಯೂ ಒಂದೇ. ಕೂಡಿ ಬಾಳುವವರ ನಡುವೆ ಮಾತಿಗೆ ದಾರಿ ಮಾಡುವುದೇ ಎರಡರ ಕೆಲಸ. ಆಪರೇಟರ್ ಇಲ್ಲದೆ ತಾನೇ ಜೋಡಿಸುವ ಎಕ್ಸ್‌ಚೇಂಜು ಭಾರತದಲ್ಲಿ ಮೊದಲು ಬಂದದ್ದು 1913ರಲ್ಲಿ ಶಿಮ್ಲಾಕ್ಕೆ, ಆಳುವವರ ಬೇಸಿಗೆ ರಾಜಧಾನಿಗೆ. ಅಲ್ಲಿಂದ ಕಿತ್ತೂರಿಗೆ ಬರಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆದರೆ ಕಿತ್ತೂರಿನಲ್ಲಿ ನಿಂತದ್ದು ನಮ್ಮವರು ನಮ್ಮ ಧೂಳಿಗಾಗಿಯೇ ಕಟ್ಟಿದ ಯಂತ್ರ.

ಇನ್ನು ಗಂಟೆಯ ವಿಚಾರ. ಒಳನಂಬರು ಕೊಟ್ಟರೆ ಸಾಲದು, ಎತ್ತದಿದ್ದರೆ ಕರೆ ಎಲ್ಲಿಗೆ ಹೋಗಬೇಕೆಂದೂ ಹೇಳಿಕೊಡಬೇಕು. ಎಕ್ಸ್‌ಟೆನ್ಷನ್ ಹಾಕುವ ಕೆಲಸದಲ್ಲಿ ನನಗೆ ಅತಿ ರುಚಿಸಿದ ಭಾಗ ಇದೇ. ಮುಂಭಾಗದ ಫೋನಿನಿಂದ ಪ್ರೋಗ್ರಾಮಿನ ಸಂಕೇತ ಒತ್ತಿ, ಪುಸ್ತಕ ನೋಡಿಕೊಂಡು ಒಂದೊಂದೇ ಅಂಕಿ ಹಾಕುತ್ತ ಹೋಗಬೇಕು. ಯಂತ್ರ ಒಪ್ಪಿದರೆ ಕಿವಿಯಲ್ಲಿ ಒಂದು ಸಣ್ಣ ಸದ್ದು. ಹೊರಗಿನ ಕರೆ ಮೊದಲು 21ಕ್ಕೆ. ನಾಲ್ಕು ಸಲ ಗಂಟೆ ಬಾರಿಸುವುದರೊಳಗೆ ಎತ್ತದಿದ್ದರೆ 22ಕ್ಕೆ. ಅಲ್ಲೂ ಇಲ್ಲವಾದರೆ 24ಕ್ಕೆ. ಗೋದಾಮಿನವರು ಚೀಲ ಇಳಿಸುವ ಗದ್ದಲದಲ್ಲಿದ್ದರೆ 27ರ ಕರೆ ಮತ್ತೆ ಮುಂಭಾಗಕ್ಕೆ ಬರಲಿ. ಹೇಗೂ ಇಂದು ಎಷ್ಟು ಚೀಲ ಉಳಿದಿವೆ ಎಂಬುದು ಮುಂಭಾಗದ ಹಲಗೆಯ ಮೇಲೆ ಬರೆದಿರುತ್ತದೆ. ಪಕ್ಕದ ಟೇಬಲ್ಲಿನ ಗಂಟೆ ಬಾರಿಸುತ್ತಿದ್ದರೆ ಎದ್ದು ಹೋಗದೆ ತಮ್ಮ ಫೋನಿನಿಂದಲೇ ಅದನ್ನು ಎತ್ತಿಕೊಳ್ಳುವ ಸವಲತ್ತೂ ಇದೆ. ಗಂಟೆಯ ಧಾಟಿಯನ್ನೂ ಬೇರೆ ಮಾಡಿಕೊಂಡೆವು: ಹೊರಗಿನದಾದರೆ ಉದ್ದಕ್ಕೆ ಒಂದು, ಒಳಗಿನದಾದರೆ ಗಿಡ್ಡಗೆ ಎರಡು. ಈಗ ಕಡತ ಬರೆಯುತ್ತಲೇ ಯಾರ ಕರೆಯೆಂದು ತಿಳಿಯುತ್ತದೆ. ಹೊರಗಿನದಾದರೆ ಕೈ ತಾನಾಗಿ ಬೇಗ ಹೋಗುತ್ತದೆ.

ಕರೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದನ್ನು ಅಕ್ಕಾರು ಎಷ್ಟು ಬೇಗ ಕಲಿತರೆಂದರೆ ಉಳಿದವರಿಗೆ ಅವರೇ ಗುರು. ಫ್ಲ್ಯಾಶ್ ಗುಂಡಿ ಒತ್ತಿದರೆ ಹೊರಗಿನವರು ತಡೆಯಲ್ಲಿ ನಿಲ್ಲುತ್ತಾರೆ. ಒಳನಂಬರು ಒತ್ತಿ ರಿಸೀವರ್ ಇಟ್ಟರೂ ಕರೆ ದಾಟುತ್ತದೆ. ಆದರೆ ಅಕ್ಕಾರು ಹಾಗೆ ಎಂದೂ ಇಡುವುದಿಲ್ಲ. 23 ಎತ್ತುವ ತನಕ ಕಾಯುತ್ತಾರೆ. “ಅಣ್ಣಾರ, ಹಿರಿಯರೊಬ್ರು ಲೈನಿನ್ಯಾಗ ಅದಾರ, ಕಬ್ಬಿನ ಸಾಲದ ಬಾಕಿ ಕೇಳಾಕತ್ತಾರ, ಖಾತೆ ನಂಬರ್ ಬರ್ಕೊಂಡೀನಿ, ಹೇಳ್ತೀನಿ ತಗೋರಿ” ಎಂದು ಎರಡು ಮಾತು ಹೇಳಿ, ಆಮೇಲೆ ಇಡುತ್ತಾರೆ. ಆ ಹಿರಿಯರು ಮತ್ತೆ ಮೊದಲಿಂದ ತಮ್ಮ ಪುರಾಣ ಹೇಳಬೇಕಾಗಿಲ್ಲ. ಯಂತ್ರ ಕೊಡುವುದು ದಾರಿಯನ್ನು ಮಾತ್ರ. ಆ ದಾರಿಯಲ್ಲಿ ಬಂದವರನ್ನು ಕೈಹಿಡಿದು ದಾಟಿಸುವುದು ಅಕ್ಕಾರಂಥವರ ಸಂಸ್ಕಾರ.

ಕಂಪ್ಯೂಟರ್ ಧ್ವನಿಯ ಸ್ವಾಗತ ಬೇಕೇ ಎಂಬ ಚರ್ಚೆಯೂ ನಡೆಯಿತು. ಸಾಲಕ್ಕಾಗಿ ಮೂರು ಒತ್ತಿ, ಠೇವಣಿಗಾಗಿ ನಾಲ್ಕು ಒತ್ತಿ ಎಂಬಂಥದು. ಪಟ್ಟಣದ ಬ್ಯಾಂಕುಗಳಿಗೆ ಅದು ಅನಿವಾರ್ಯ ಇರಬಹುದು. ನಾವು ಹಗಲಿನಲ್ಲಿ ಅದು ಬೇಡವೆಂದೆವು. 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಿನಿಂದಲೂ ಈ ಚಳವಳಿಯ ತಿರುಳು ಒಂದೇ: ಸಂಘ ಸದಸ್ಯರದು. ಫೋನು ಹಚ್ಚುವವನು ನಮ್ಮ ಬಾಗಿಲಿಗೆ ಬಂದ ಪರಕೀಯನಲ್ಲ, ಮನೆಯ ಪಾಲುದಾರ. ಅವನಿಗೆ ಮೊದಲು ಕೇಳಿಸಬೇಕಾದದ್ದು ಮನುಷ್ಯರ ದನಿ. ಸಂಜೆ ಕಚೇರಿ ಮುಚ್ಚಿದ ಮೇಲೆ ಮಾತ್ರ ಧ್ವನಿಮುದ್ರಣ ಇರಲಿ ಎಂದು ಗೊತ್ತುಮಾಡಿ ಅಕ್ಕಾರ ಕೈಯಲ್ಲೇ ಹೇಳಿಸಿದೆವು. “ಆಫೀಸ್ ಮುಚ್ಚೇತ್ರಿ. ಮುಂಜಾನಿ ಹತ್ತಕ್ಕ ತೆಗಿತೈತಿ. ಅವಸರ ಇದ್ರ ಒಂಬತ್ತು ಒತ್ತರಿ, ಕಾವಲಿನ ಕಾಕಾ ಮಾತಾಡ್ತಾರ.” ಇಷ್ಟೇ. ಹಿನ್ನೆಲೆಗೆ ಸಂಗೀತವಿಲ್ಲ, ಸುತ್ತುಬಳಸಿಲ್ಲ.

ಮುಂಗಾರಿಗೆ ಮೊದಲು ಬರುವ ಅಡ್ಡಮಳೆಯ ಸಿಡಿಲು ನಮ್ಮ ಸೀಮೆಯ ಫೋನುಗಳಿಗೆ ಮಾರಿ. ತಂತಿ ಹಿಡಿದು ಬಂದ ಒಂದು ಹೊಡೆತ ಇಡೀ ಬೋರ್ಡನ್ನು ಸುಟ್ಟುಬಿಡುತ್ತದೆ. ಅದಕ್ಕೆ ಹೊರಲೈನುಗಳು ಒಳಬರುವ ಜಾಗದಲ್ಲಿ ಅರೆಸ್ಟರ್ ಹಾಕಿಸಿ, ಹಿತ್ತಲಲ್ಲಿ ಆಳವಾದ ಕುಣಿ ತೋಡಿಸಿ ಅರ್ಥಿಂಗ್ ಮಾಡಿಸಿದೆವು. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ನಡುವೆ ಲೋಹದ ಕೊಳವೆ. ಇದ್ದಿಲು ಹಸಿ ಹಿಡಿದಿಡುತ್ತದೆ, ಉಪ್ಪು ಮಣ್ಣಿನಲ್ಲಿ ವಿದ್ಯುತ್ತಿಗೆ ದಾರಿ ಸಲೀಸು ಮಾಡುತ್ತದೆ. ಬೇಸಿಗೆಯಲ್ಲಿ ನಮ್ಮ ಕರಿ ಎರೆಮಣ್ಣು ಬಿರಿಯುತ್ತದಲ್ಲ, ಆಗ ಕುಣಿಗೆ ನೀರು ಹನಿಸಬೇಕು. ಕಾವಲಿನ ಕಾಕಾ ಅದನ್ನು ತಮ್ಮ ಕೆಲಸವೆಂದು ಹಚ್ಚಿಕೊಂಡಿದ್ದಾರೆ. ಬೆಳಗಿನ ಹೊತ್ತು ಕೊಡ ಹಿಡಿದು ಹಿತ್ತಲಿಗೆ ಹೋಗುತ್ತಾರೆ.

ಹಳೆಯ ಕಾಲದವರಿಗೆ ಹೊರಗಿನ ಕರೆಗೆ ಬೀಗ ಹಾಕುವುದೇ ಇಂಥ ಯಂತ್ರದ ದೊಡ್ಡ ಉಪಯೋಗವಾಗಿತ್ತು. ಪರಊರಿಗೆ ನೇರವಾಗಿ ಫೋನ್ ಹಚ್ಚುವ ಎಸ್‌ಟಿಡಿ ಎಂಬುದು ದೇಶದಲ್ಲಿ 1960ರಲ್ಲಿ ಲಖನೌ–ಕಾನಪುರದ ನಡುವೆ ಸುರುವಾಯಿತು. ನಮ್ಮ ಕಡೆ ಬಹುಕಾಲ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದೇ ನಡೆದಿತ್ತು. ಆಮೇಲೆ ಜಮಖಂಡಿಗೆ 08353 ಎಂಬ ಕೋಡು ಬಾಯಿಪಾಠವಾಯಿತು, ಬಿಲ್ಲಿನ ಭಯವೂ ಬಂತು. ಈಗ ಆ ಭಯ ಹೋಗಿದೆ, ಬೀಗದ ಸವಲತ್ತು ಮಾತ್ರ ಯಂತ್ರದಲ್ಲಿ ಹಾಗೇ ಉಳಿದಿದೆ. ಅದನ್ನು ಒಳ್ಳೆಯದಕ್ಕೆ ಬಳಸಿಕೊಳ್ಳುವ ದಾರಿ ನನಗೆ ಕೊನೆಯ ಗೂಡನ್ನು ನೋಡಿದಾಗ ಹೊಳೆಯಿತು.

ಎಂಟರಲ್ಲಿ ಏಳು ನಂಬರು ಹಂಚಿ ಮುಗಿದಿತ್ತು. 28 ಉಳಿದಿತ್ತು. ಮೀಟಿಂಗ್ ಹಾಲಿಗೆ ಇಡೋಣವೆಂದರು ಒಬ್ಬರು, ಕಂಪ್ಯೂಟರ್ ಖೋಲಿಗೆ ಎಂದರು ಇನ್ನೊಬ್ಬರು. ಪಡಸಾಲೆಯ ಬೆಂಚಿನ ಮಗ್ಗುಲಿಗೆ, ಕೂತವರ ಕೈಗೆ ನಿಲುಕುವ ಎತ್ತರದಲ್ಲಿ ಒಂದು ಗೋಡೆ ಫೋನು ಹಾಕೋಣವೆಂದು ನಾನು ಕೇಳಿದೆ. ಸಾಲದ ವಿಭಾಗ ಮೇಲಿದೆ. ಮೊಣಕಾಲು ಹಿಡಿದವರು, ಕಣ್ಣು ಮಂಜಾದವರು ಆ ಮೆಟ್ಟಿಲು ಹತ್ತಲಾರರು. ಅವರು ಕೆಳಗೇ ಕೂತು 23ಕ್ಕೆ ಹಚ್ಚಿ ಮಾತಾಡಲಿ, ಬೇಕಾದ ಕಾಗದವನ್ನು ಗುಮಾಸ್ತರೇ ಇಳಿಸಿಕೊಡಲಿ. 28ಕ್ಕೆ ಹೊರಲೈನಿನ ಬೀಗ ಹಾಕಿದರಾಯಿತು. ಒಳಗಿನ ಎಲ್ಲರೂ ಸಿಗುತ್ತಾರೆ, ಖರ್ಚು ಸೊನ್ನೆ. ಎಲ್ಲರೂ ಒಪ್ಪಿದರು. ಫೋನಿನ ಮೇಲ್ಗಡೆ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಪಟ್ಟಿ ಬರೆಸಿದೆವು. ಅಕ್ಷರ ಬಾರದವರಿಗೆಂದು ಗೊಬ್ಬರದ ಮುಂದೆ ಚೀಲದ ಚಿತ್ರ, ಕ್ಯಾಶಿನ ಮುಂದೆ ನೋಟಿನ ಚಿತ್ರ.

ಮೊದಲಿಗೆ ಜನ ಅದನ್ನು ಮುಟ್ಟಲು ಸಂಕೋಚಪಟ್ಟರು. ಕಚೇರಿಯ ಫೋನೆಂದರೆ ಕಚೇರಿಯವರದೆಂದೇ ಅವರ ರೂಢಿ. ಅಕ್ಕಾರು ಕೌಂಟರಿನಿಂದಲೇ ಹುರಿದುಂಬಿಸಿದರು: “ಎತ್ತರಿ ಯಜಮಾನ್ರ, ಎರಡು ಒತ್ತರಿ, ಮೂರು ಒತ್ತರಿ, ಮಾತಾಡ್ರಿ.” ಒಬ್ಬ ಮುದುಕ ಎತ್ತಿದ, ಒತ್ತಿದ, ಮೇಲಿನಿಂದ “ಹೇಳ್ರಿ, ಸಾಲದ ವಿಭಾಗ” ಎಂದು ಕೇಳಿದೊಡನೆ ಬೆಂಚಿನ ಮೇಲೆ ನೆಟ್ಟಗೆ ಕೂತ. ತನ್ನ ಹೊಲದ ಸರ್ವೆ ನಂಬರು, ಕಟ್ಟಿದ ಕಂತು, ಉಳಿದ ಬಡ್ಡಿ, ಎಲ್ಲವನ್ನೂ ಕೂತಲ್ಲೇ ಇತ್ಯರ್ಥ ಮಾಡಿಕೊಂಡ. ಮರುದಿನ ಅವನೇ ಬೇರೊಬ್ಬರಿಗೆ ಹೇಳಿಕೊಡುತ್ತಿದ್ದ. ಈಗ ಪಡಸಾಲೆಯ ಜನ ತಮ್ಮತಮ್ಮಲ್ಲೇ ದಾರಿ ತೋರಿಸಿಕೊಳ್ಳುತ್ತಾರೆ: ಗೊಬ್ಬರಕ್ಕ ಇಪ್ಪತ್ತೇಳು, ತಿಳೀಲಿಲ್ಲಂದ್ರ ಇಪ್ಪತ್ತೊಂದಕ್ಕ ಹಚ್ಚರಿ.

ಹೊಸದಾಗಿ ಇಂಥ ಯಂತ್ರ ಹಾಕಿಸುವವರು ಕೇಳಿದರೆ ನಾನು ಹೇಳುವುದು ಇಷ್ಟು. ಪ್ರೋಗ್ರಾಮಿನ ಪುಸ್ತಕ ಬಿಚ್ಚುವ ಮೊದಲು ಪಡಸಾಲೆಯಲ್ಲಿ ಹೋಗಿ ಕೂತುಕೊಳ್ಳಿ. ಯಾರು ಕಾಯುತ್ತಿದ್ದಾರೆ, ಯಾಕೆ ಕಾಯುತ್ತಿದ್ದಾರೆ, ಯಾರಿಗೆ ಮೆಟ್ಟಿಲು ಭಾರವಾಗಿದೆ ಎಂದು ನೋಡಿ. ಮೊದಲ ನಂಬರನ್ನು ಹೆಚ್ಚು ಕರೆ ಎತ್ತುವವರಿಗೆ ಕೊಡಿ. ಕತ್ತಲಲ್ಲೂ ಬದುಕುವ ಫೋನನ್ನು ಕತ್ತಲಲ್ಲಿ ಎಚ್ಚರವಿರುವವರ ಕೈಗೆ ಕೊಡಿ. ಎತ್ತದ ಕರೆಗೆ ಇನ್ನೊಂದು ಮನೆ ತೋರಿಸದೆ ಬಿಡಬೇಡಿ. ಒಂದು ನಂಬರನ್ನಾದರೂ ಬಂದವರ ಪಾಲಿಗೆ ಮೀಸಲಿಡಿ. ಇಷ್ಟು ಮಾಡಿದರೆ ಎಂಟು ಜೋಡಿ ತಂತಿಯಲ್ಲಿ ಒಂದು ಕಚೇರಿ ತನ್ನ ಊರಿಗೆ ಚೆನ್ನಾಗಿ ಕಿವಿಗೊಡಬಲ್ಲದು. ಸಂತೆಯಲ್ಲಿ ನಮ್ಮ ಫೋನಿನ ಬಗ್ಗೆ ಈಗ ಯಾರೂ ದೂರು ಹೇಳುತ್ತಿಲ್ಲ. ಗೊಬ್ಬರ ತಡವಾದ ಬಗ್ಗೆ ಹೇಳುತ್ತಾರೆ, ಅದನ್ನೂ 27ಕ್ಕೆ ಹಚ್ಚಿ ನೇರವಾಗಿಯೇ ಹೇಳುತ್ತಾರೆ. ಹೇಳಬೇಕಾದವರಿಗೆ ಹೇಳಬೇಕಾದ ಮಾತು ತಲುಪುತ್ತಿದೆ ಎಂಬುದೇ ನನಗೆ ಸಮಾಧಾನ.